ಜಿನೀವಾಕ್ಕೆ, ಸಾಹೇಬರ ಮೂಲಕ

29-1-2009, ಗುರುವಾರ. ಕೊಪ್ಪ.

ಟೈಪ್‌ರೈಟರಿಗೆ ಹೊಸ ರಿಬ್ಬನ್. ಪಹಣಿ ತಿದ್ದುಪಡಿ ಅರ್ಜಿ ಮೂರು, ವಿಧವಾ ವೇತನ ಒಂದು. ಎಲ್ಲರಿಗೂ ಅವಸರ. ಅರ್ಜಿ ಬರೆಯುವವನಿಗೂ ಬೆನ್ನು ಇದೆ ಅಂತ ಈ ಹಾಳಾದವರಿಗೆ ಗೊತ್ತೇ ಇಲ್ಲ.

ಮಧ್ಯಾಹ್ನ ವಳ್ಳಿಯಮ್ಮ ಬಂದಳು. ಜಯಪುರದ ಹತ್ತಿರ ಕಾಫಿ ಎಸ್ಟೇಟಿನಲ್ಲಿ ಕೆಲಸ. ಎಂಬತ್ನಾಲ್ಕರಲ್ಲಿ ಸಿಲೋನಿನಿಂದ ವಾಪಸು ಕಳಿಸಿದ ತಮಿಳರ ಪೈಕಿ. ಆಗ ಪರ್ಮಿಟ್ಟಿನಲ್ಲಿ ಏಳು ವರ್ಷದ ಮಗಳ ಹೆಸರು ಬಿಟ್ಟುಹೋಗಿತ್ತಂತೆ. ಮಗು ಅಜ್ಜಿಯ ಹತ್ತಿರವೇ ಉಳಿಯಿತು. ಈಗ ಆ ಮಗಳು, ಯೋಗಮಲರ್, ಎರಡು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿನ ಯುದ್ಧದ ನಡುವೆ, ಅಡಗಲು ತೋಡಿದ ಗುಂಡಿಯೊಳಗೆ. ಆಸ್ಪತ್ರೆ ಮೇಲೂ ಶೆಲ್ ಬೀಳುತ್ತಿದೆಯಂತೆ.

"ಜಿನೀವಾದಲ್ಲಿ ದೊಡ್ಡೋರು ಇದ್ದಾರಂತಲ್ಲ ಸಾಮಿ. ಅವರಿಗೊಂದು ಅರ್ಜಿ ಬರೀರಿ. ಹೆಸರು ಮಾತ್ರ ಬಿಡಬೇಡಿ."

ನಾನು ಬಿಡುವುದುಂಟೆ!

30-1

ಮೊದಲು ಕನ್ನಡದಲ್ಲಿ ಕರಡು, ಆಮೇಲೆ ಇಂಗ್ಲಿಷಿನಲ್ಲಿ ಟೈಪು — ನನ್ನ ಪದ್ಧತಿ. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಗೆ. ವಿಷಯ: ಯೋಗಮಲರ್ ಮತ್ತು ಇಬ್ಬರು ಮಕ್ಕಳನ್ನು ಕಾಪಾಡುವ ಬಗ್ಗೆ. ಶೆಲ್ ನಿಲ್ಲಿಸಿ, ವೀಕ್ಷಕರನ್ನು ಕಳಿಸಿ, ಜನರನ್ನು ಹೊರಗೆ ತನ್ನಿ. ಮೂರೇ ಬೇಡಿಕೆ.

ಮೇಲೆ 'ತಹಶೀಲ್ದಾರರ ಮೂಲಕ' ಅಂತ ಹಾಕಿದೆ. ಇಲ್ಲಿನ ಸಾಹೇಬರ ಸಹಿ ಇಲ್ಲದೆ ಮೇಲಿನವರು ಅರ್ಜಿ ಮುಟ್ಟುವುದಿಲ್ಲ. ಮೂವತ್ತೊಂದು ವರ್ಷದಿಂದ ತಾಲ್ಲೂಕು ಕಚೇರಿಯ ಇದೇ ಕಟ್ಟೆಯ ಮೇಲೆ ಕೂತವನು, ಇಷ್ಟೂ ಗೊತ್ತಿಲ್ಲವೇ?

ಗುಮಾಸ್ತ ದೇವಪ್ಪ ನಕ್ಕ. "ಉಮಾಮಹೇಶ್ವರಣ್ಣ, ಜಿನೀವಾ ಯಾವ ಹೋಬಳಿ ಮಾರಾಯ್ರೆ?"

ಸುಮ್ಮನೆ ಸೀಲು ಹೊಡಿಯೋ ಅಂದೆ. ಹೊಡೆದ.

16-3

ವಳ್ಳಿಯಮ್ಮ ಇವತ್ತಿಗೆ ಏಳನೇ ಸಲ. ಕೊಲಂಬೊದ ನೆಂಟರಿಂದ ಎಸ್ಟೇಟಿಗೆ ಫೋನು... ಚಿಕ್ಕ ಮಗುವಿನ ಕಾಲು ಹೋಯಿತಂತೆ. ಅಳಲಿಲ್ಲ. "ಅರ್ಜಿ ಎಲ್ಲಿಗೆ ಮುಟ್ಟಿತು ಸಾಮಿ?" ಅಷ್ಟೇ.

ದೇವಪ್ಪನನ್ನು ಕೇಳಿದೆ. "ಫೈಲು ಮೂವ್ ಆಗಿದೆ." ಎಲ್ಲಿಗೆ? "ಆ ಟೇಬಲ್ಲಿಂದ ಈ ಟೇಬಲ್ಲಿಗೆ."

22-4

ಕಚೇರಿ ಖಾಲಿ. ಎಲ್ಲ ಎಲೆಕ್ಷನ್ ಡ್ಯೂಟಿ.

ಊಟಕ್ಕೆ ಕೂತಾಗ ಯಮುನ ಕೇಳಿದಳು. "ಕವರಿಗೆ ಹಾಕಿ ಸೀದಾ ಪೋಸ್ಟ್ ಮಾಡಿದ್ರೆ ಎಂತ ಆಗ್ತಿತ್ತು? ಜಿನೀವಾದವರೆಂತ ನಿಮ್ಮ ಸಾಹೇಬರ ಕೈಕೆಳಗಿನವರಾ?"

ರೇಗಿ ಎದ್ದುಬಿಟ್ಟೆ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಒಂದು ಅರ್ಜಿಯ ಕ್ರಮ ಗೊತ್ತಿಲ್ಲ. ಫೈಲು ಒಳಗಿರುವಾಗ ಇನ್ನೊಂದು ಹಾಕಿದರೆ ಎರಡೂ ತಿರಸ್ಕಾರ. ಕಾಯಲೇಬೇಕು.

ಅವಳು ಹೇಳಿದ್ದೇ ಸರಿ ಇರಬಹುದು.

20-5, ಬುಧವಾರ

ಯುದ್ಧ ಮುಗಿಯಿತಂತೆ. ಟೀವಿಯಲ್ಲಿ ಪಟಾಕಿ. ಕೊಲಂಬೊದವರಿಗೆ ಒಂದು ತಿಂಗಳಿಂದ ಯೋಗಮಲರ್ ಸುದ್ದಿಯೇ ಇಲ್ಲ.

ಇವತ್ತೇ ಬಂತು ಹಿಂಬರಹ. 'ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಒಳಪಡದ ಕಾರಣ, ಅರ್ಜಿದಾರರು ಸಂಬಂಧಪಟ್ಟವರಿಗೆ ನೇರವಾಗಿ ಸಲ್ಲಿಸಿಕೊಳ್ಳಲು ತಿಳಿಸಿದೆ.'

ನೇರವಾಗಿ.

ನೂರಾಹನ್ನೊಂದು ದಿನ. ನನ್ನ ಕೈಗೆ ಹಾವು ಕಚ್ಚಲಿ.

ವಳ್ಳಿಯಮ್ಮ ಸೀಲನ್ನು ಕಣ್ಣಿಗೆ ಒತ್ತಿಕೊಂಡಳು. "ಜಿನೀವಾದೋರು ಬರೆದಿದ್ದಾ ಸಾಮಿ? ಹೆಸರು ಇದೆಯಾ?"

ಇದೆ ಅಂದೆ.

21-5, ಬೆಳಿಗ್ಗೆ 11

ಮೂಲಕವೂ ಬೇಡ, ಗೀಲಕವೂ ಬೇಡ. ಇವತ್ತೇ ಪೋಸ್ಟ್. ಕರಡಿಗೆ ಹಾಳೆ ಇಲ್ಲ, ಈ ಡೈರಿಯಲ್ಲೇ ಬರೆಯುತ್ತೇನೆ. ಎದುರಿಗೆ ವಳ್ಳಿಯಮ್ಮ ಕೂತಿದ್ದಾಳೆ. ನಿನ್ನೆ ಸುಳ್ಳು ಹೇಳಿದೆ ಅಂತ ಇನ್ನೂ ಹೇಳಿಲ್ಲ.

ವಿಷಯ: ಯೋಗಮಲರ್ ಮತ್ತು ಇಬ್ಬರು ಮಕ್ಕಳನ್ನು ಕಾಪಾಡುವ ಬಗ್ಗೆ — ಹೊಡೆದುಹಾಕಿದೆ.

ಹುಡುಕಿಸುವ ಬಗ್ಗೆ — ಇದನ್ನೂ.

"ಬರೆದಷ್ಟು ಓದಿ ಹೇಳಿ ಸಾಮಿ" ಅನ್ನುತ್ತಿದ್ದಾಳೆ.

ವಿಷಯ: ಯೋಗಮಲರ್ ಮತ್ತು ಇಬ್ಬರು ಮಕ್ಕಳ