ಕೊನೆಯ ಸಾಲು ನಿಮ್ಮದು

ಪ್ರೀತಿಯ ಡೊಮೆನಿಕಾ ಅಜ್ಜಿ,

ಮೊದಲ ಸಲ ಅಜ್ಜಿ ಎಂದು ಕರೆದಾಗ ನೀವು ಮುಖ ಸಿಂಡರಿಸಿದ್ದಿರಿ. "ನಾನು ನಟಿ. ನಟಿಯರಿಗೆ ವಯಸ್ಸಾಗುವುದಿಲ್ಲ" ಅಂದಿರಿ. ತೊಂಬತ್ತು ದಾಟಿದವರ ಬಾಯಲ್ಲಿ ಆ ಮಾತು ಕೇಳಿ, ನಗು ಮುಚ್ಚಿಕೊಳ್ಳಲು ನಾನು ವಾಷಿಂಗ್ ಮೆಷಿನ್ನಿನೊಳಗೆ ತಲೆ ಹಾಕಬೇಕಾಯಿತು. ನೀವು ಹೋಗಿ ಒಂದು ತಿಂಗಳಾಯಿತು. ಇನ್ನು ಬೈಯುವ ಹಾಗಿಲ್ಲವಲ್ಲ, ಅದಕ್ಕೇ ಧೈರ್ಯವಾಗಿ ಅಜ್ಜಿ ಎಂದೇ ಬರೆಯುತ್ತಿದ್ದೇನೆ.

ನಾವು ಸಿಕ್ಕಿದ್ದು ಈಸ್ಟ್ ಬ್ರನ್ಸ್‌ವಿಕ್‌ನ ಈ ಅಪಾರ್ಟ್‌ಮೆಂಟಿನ ಕೆಳಗಿನ ಲಾಂಡ್ರಿ ರೂಮಿನಲ್ಲಿ. ತೊಂಬತ್ತೊಂಬತ್ತನೇ ಇಸವಿ. ಕಂಪ್ಯೂಟರುಗಳಿಗೆ ಹಿಡಿದ ವೈಟುಕೆ ಎಂಬ ಭೂತ ಬಿಡಿಸಲು ನನ್ನ ಗಂಡ ನವನೀತನಂಥವರನ್ನು ವಿಮಾನ ತುಂಬಿಸಿ ಕರೆತರುತ್ತಿದ್ದ ಕಾಲ. ನನ್ನದು ಎಚ್-ಫೋರ್ ವೀಸಾ; ಕೆಲಸ ಮಾಡುವಂತಿಲ್ಲ, ಕಾರು ಓಡಿಸಲು ಬರುವುದಿಲ್ಲ. ಮೈಸೂರಿನಲ್ಲಿ ತಾಯಮ್ಮ ಮೇಡಂ ಹತ್ತಿರ ವರ್ಷಗಟ್ಟಲೆ ಕಲಿತ ಸಂಗೀತವನ್ನು ತೆಳುಗೋಡೆಯ ಮನೆಯಲ್ಲಿ ಹಾಡಲು ಸಂಕೋಚ. ಹಾಗಾಗಿ ಮೆಷಿನ್ ಗುಡುಗುಡು ಅನ್ನುವಾಗ ಅದರ ಸದ್ದಿನ ಮರೆಯಲ್ಲಿ ಗುನುಗುತ್ತಿದ್ದೆ. ಮೂಲೆಯ ಕುರ್ಚಿಯಿಂದ ನೀವು ಕೇಳಿದಿರಿ, "ಗಂಟಲು ಚೆನ್ನಾಗಿದೆ. ಯಾರಿಗೆ ಹೆದರುತ್ತಿದ್ದೀಯ?"

ಆಮೇಲೆ ವಾರಕ್ಕೊಮ್ಮೆ, ಬಟ್ಟೆ ಒಣಗುವಷ್ಟು ಹೊತ್ತು, ನಿಮ್ಮ ಕತೆ. ನೇಪಲ್ಸ್‌ನ ದರ್ಜಿಯ ಮಗಳು, ಹದಿಹರೆಯದಲ್ಲೇ ಮೂಕಿ ಚಿತ್ರಗಳ ನಾಯಕಿ. ಮೂಕಿ ಅಂದರೆ ಪೂರ್ತಿ ಮೂಕವಲ್ಲ ಎಂದು ನನಗೆ ಗೊತ್ತಾಗಿದ್ದೇ ಆಗ. ನಾಯಕಿ ಪರದೆಯ ಮೇಲೆ ತುಟಿ ಆಡಿಸಿದರೆ, ಪಕ್ಕದ ಕತ್ತಲಲ್ಲಿ ನಿಂತ ಯಾರೋ ಅದಕ್ಕೆ ಸರಿಯಾಗಿ ಹಾಡಬೇಕು. ನಿಮ್ಮ ಚಿತ್ರಗಳಿಗೆ ಆ ಯಾರೋ ನೀವೇ. ನಿಮ್ಮ ತುಟಿಗೆ ನೀವೇ ದನಿ ಕೊಡುತ್ತಾ ಎಷ್ಟೋ ಊರು ಸುತ್ತಿದಿರಿ.

ಟಾಕಿ ಬಂತು. ದೊಡ್ಡ ಸ್ಟುಡಿಯೋದವರಿಗೆ ನಿಮ್ಮ ಬೀದಿಯ ಮಾತು ಒರಟು ಅನ್ನಿಸಿತು. ನೀವು ಹಡಗು ಹತ್ತಿ ನ್ಯೂಯಾರ್ಕಿಗೆ ಬಂದು, ನಿಮ್ಮ ಕಡೆಯ ಬಂದರು ಕೂಲಿಗಳಿಗೆ ಸಣ್ಣ ಥಿಯೇಟರುಗಳಲ್ಲಿ ಹಾಡಿದಿರಿ, ರೇಡಿಯೋದಲ್ಲಿ ಆಲಿವ್ ಎಣ್ಣೆಯ ಜಾಹೀರಾತುಗಳ ನಡುವೆ ಹಾಡಿದಿರಿ. ಮದುವೆ, ಮಕ್ಕಳು ಆದ ಮೇಲೆ ಅದೂ ನಿಂತಿತು. ನಿಮ್ಮ ದನಿಯ ಒಂದು ರೆಕಾರ್ಡೂ ಉಳಿದಿರಲಿಲ್ಲ. "ಹಾಡುಗಾರ್ತಿ ಅಂದರೆ ಮನೆಯವರು ಮುದುಕಿಯ ಬಡಾಯಿ ಅಂದುಕೊಳ್ಳುತ್ತಾರೆ" ಎಂದು ನೀವು ನಕ್ಕಿರಿ. ಆ ನಗು ನನಗೆ ಹಿಡಿಸಲಿಲ್ಲ.

ಅಷ್ಟರಲ್ಲಿ ನಿಮ್ಮ ಮೊಮ್ಮಗಳು ಲೊರೇನ್ ಇಟಲಿಯಿಂದ ವಿಡಿಯೊ ಕ್ಯಾಸೆಟ್ ತರಿಸಿದಳು. ನಿಮ್ಮ ಚಿತ್ರಗಳಲ್ಲಿ ಉಳಿದದ್ದು ಅದೊಂದೇ ತುಣುಕು: ತಾರಸಿಯ ಮೇಲೆ ಬಟ್ಟೆ ಹರವುತ್ತಾ ಹಾಡುವ ಹುಡುಗಿ. ನಿಮ್ಮ ಹುಟ್ಟುಹಬ್ಬಕ್ಕೆ ಚರ್ಚಿನ ಹಾಲ್‌ನಲ್ಲಿ ಎಲ್ಲರಿಗೂ ತೋರಿಸುವುದೆಂದು ಅವಳ ಆಸೆ. ನೀವು ಖಡಾಖಂಡಿತವಾಗಿ ಬೇಡ ಎಂದಿರಿ. ಸುಮ್ಮನೆ ಬಾಯಿ ಆಡಿಸುವ ನಿಮ್ಮನ್ನು ನೋಡಿ ಯಾರೂ ನಗುವುದು ಬೇಡವಾಗಿತ್ತು. ಕೊನೆಗೆ ನನ್ನ ಕೈ ಹಿಡಿದು ಅಂದಿರಿ, "ನನ್ನ ಗಂಟಲು ಹೋಯಿತು. ಪರದೆಯ ಪಕ್ಕ ನೀನು ನಿಲ್ಲು."

ನಮ್ಮ ಮೇಡಂ ಕಲಿಸುತ್ತಿದ್ದ ಹಾಗೇ ನೀವು ಆ ಹಾಡನ್ನು ನನಗೆ ಬಾಯಿಪಾಠ ಮಾಡಿಸಿದಿರಿ. ನಾನು ದನಿಯನ್ನು ಸ್ವಲ್ಪ ಬಳುಕಿಸಿದರೂ "ಬಟ್ಟೆ ಹಿಂಡಬೇಡ, ಹರವು" ಎಂದು ಗದರುತ್ತಿದ್ದಿರಿ. ಮನೆಯಲ್ಲಿ ನವನೀತ, "ಏನ್ ಹಂಸಾ, ನಾಳೆಯಿಂದ ಸಾರಿಗೂ ಆಲಿವ್ ಆಯಿಲ್ ಒಗ್ಗರಣೇನಾ?" ಎಂದು ರೇಗಿಸುತ್ತಿದ್ದ. ನೀವು ಮತ್ತೆ ಮತ್ತೆ ಹೇಳಿದ್ದು ಒಂದೇ: ತುಟಿ ನೋಡು.

ನಿಮ್ಮ ಹುಟ್ಟುಹಬ್ಬದ ಭಾನುವಾರ ನಾನು ರೇಷ್ಮೆ ಸೀರೆ ಉಟ್ಟು ಪರದೆಯ ಪಕ್ಕ ನಿಂತೆ. ಹುಡುಗಿ ತುಟಿ ತೆರೆದಳು, ನಾನೂ ಶುರು ಮಾಡಿದೆ. ಎಷ್ಟೋ ದಿನಗಳ ಮೇಲೆ ಗಂಟಲು ಬಿಟ್ಟು ಹಾಡುತ್ತಿದ್ದೆನಲ್ಲ, ಸುಖವಾಯಿತು. ಆ ಸುಖಕ್ಕೆ ಕಣ್ಣು ತಾನಾಗಿ ಮುಚ್ಚಿತು, ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ನಮ್ಮ ಕಛೇರಿಯಲ್ಲಿ ಪಲ್ಲವಿಯನ್ನು ಒಂದೇ ಸಲ ಹಾಡಿ ಮುಂದೆ ಹೋಗುವವರುಂಟೇ? ಅದೇ ಸಾಲನ್ನು ಇನ್ನೊಂದು ಸಂಗತಿ ಹಾಕಿ, ಅಂದರೆ ಬೇರೊಂದು ಬಳುಕು ಕೊಟ್ಟು, ಎತ್ತಿಕೊಂಡೆ, ಮತ್ತೊಂದು ಹಾಕಿದೆ. ಪರದೆಯ ಹುಡುಗಿ ನನಗಾಗಿ ಕಾಯದೆ ಮುಂದೆ ಹೋಗಿಬಿಟ್ಟಿದ್ದಳು.

ಆಗ ಮುಂದಿನ ಸಾಲಿನ ಕುರ್ಚಿಯಿಂದ ಒಂದು ದನಿ ಬಂತು. ಒಡೆದ, ಸಣ್ಣ ದನಿ. ನಾನು ಕಣ್ಣು ಬಿಟ್ಟು ಬಾಯಿ ಮುಚ್ಚಿದೆ. ಕೋಲೂರಿ ಎದ್ದು ನಿಂತು, ಪರದೆಯನ್ನೇ ನೋಡುತ್ತಾ ನೀವು ಕೊನೆಯ ಸಾಲು ಹಾಡುತ್ತಿದ್ದಿರಿ. ಅವಳ ತುಟಿಯೂ ನಿಮ್ಮ ತುಟಿಯೂ ಒಟ್ಟಿಗೇ ನಿಂತವು. ಲೊರೇನ್, "ಅಜ್ಜಿ, ಅದು ನಿಜವಾಗಲೂ ನೀನೇ" ಎಂದು ಅಳತೊಡಗಿದಳು. ನೀವು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಿರಿ. ಅಜ್ಜಿ, ಆ ಕ್ಷಣದಲ್ಲಿ ನಿಮ್ಮ ಮೇಲೆ ಬಂದಷ್ಟು ಪ್ರೀತಿ ಈ ದೇಶದಲ್ಲಿ ನನಗೆ ಇನ್ಯಾರ ಮೇಲೂ ಬಂದಿಲ್ಲ.

ನಿನ್ನೆ ಲೊರೇನ್ ಆ ಕ್ಯಾಸೆಟ್ಟಿನ ಒಂದು ಪ್ರತಿ ಕೊಟ್ಟು ಹೋದಳು. ಸಂಜೆ ಟಿವಿಯಲ್ಲಿ ಹಾಕಿಕೊಂಡು ನಿಂತೇ ಹಾಡಿದೆ, ಗಂಟಲು ಬಿಟ್ಟು, ಪಕ್ಕದ ಮನೆಗೆ ಕೇಳುವ ಹಾಗೆ. ಈ ಸಲ ಕಣ್ಣು ಮುಚ್ಚಲಿಲ್ಲ, ತುಟಿಯನ್ನೇ ನೋಡಿದೆ. ಕೊನೆಯ ಸಾಲು ಬಂದಾಗ ಸುಮ್ಮನಾದೆ. "ಯಾಕೆ ನಿಲ್ಲಿಸಿಬಿಟ್ಟೆ?" ಅಂದ ನವನೀತ.

ಅವರು ಹಾಡ್ತಿದ್ದಾರೆ, ತಡಿ, ಅಂದೆ.

ಹೋದಲ್ಲಿ ನಿಮ್ಮ ಗಂಟಲು ನಿಮಗೆ ಮರಳಿ ಸಿಕ್ಕಿರಲಿ.

ಪರದೆಯ ಪಕ್ಕದಲ್ಲೇ ನಿಂತಿರುವ,
ನಿಮ್ಮ ಹಂಸಾ