ಗೋಡೆಯೊಳಗೆ ಅರಳಿದ ಸುಣ್ಣ

ಮೇಲ್ಗುಡ್ಡ, ಜ್ಯೇಷ್ಠ ಮಾಸದ ತೊಂಬತ್ತೊಂದನೆಯ ದಿನ.

ಪದಗಳಿಗೆ ನಂಟು ಹೆಣೆಯುತ್ತಿರುವ ಹಿರಿಯರಿಗೆ, ಎಷ್ಟೋ ತಲೆಮಾರಿನ ಆಚೆಯಿಂದ ಕೊಟ್ರವ್ವನ ನಮಸ್ಕಾರ. ತಾರೀಖು ಕಂಡು ನಗಬೇಡಿ. ಮಳೆ ಬೀಳುವವರೆಗೆ ನಾವು ತಿಂಗಳು ಬದಲಿಸುವುದಿಲ್ಲ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕನ್ನಡ ನಮ್ಮವರೆಗೆ ಬರುವಷ್ಟರಲ್ಲಿ ಬಹಳ ಸವೆದಿದೆ.

ನೀವು ಕಟ್ಟಲು ತೊಡಗಿದ್ದನ್ನು ನಾವು ನಂಟುಬಲೆ ಎನ್ನುತ್ತೇವೆ. ಯಾವ ವಸ್ತು ಯಾವುದರ ಜಾತಿ, ಯಾವ ಕೆಲಸ ಯಾವುದರ ಹಿಂದೆ ಬರಬೇಕು ಎಂದು ಯಂತ್ರಕ್ಕೆ ತಿಳಿಯುವಂತೆ ಪದಕ್ಕೆ ಪದ ಗಂಟು ಹಾಕಿದ ಬಲೆ. ಒಂದು ಊರು ಕಲಿತ ಕಸುಬು ಇನ್ನೊಂದು ಊರಿಗೆ ಹೋಗುವುದು ಅದರ ಮೂಲಕವೇ. ಬಿತ್ತನೆ, ಬಾಣಂತನ, ಪಂಪಿನ ರಿಪೇರಿ, ಎಲ್ಲವನ್ನೂ ಅದನ್ನೇ ಕೇಳುತ್ತೇವೆ. ಹಗಲು ನೆಲದಡಿಯ ಕೋಣೆಗಳಲ್ಲಿ ಮಲಗಿ, ಬಿಸಿಲಿಳಿದ ಮೇಲೆ ಹೊಲಕ್ಕೆ ಹೋಗುವ ಜನ ನಾವು. ಸಿಮೆಂಟು ಮುಗಿದು ಕಾಲವಾಯಿತು. ನೀರಿನ ತೊಟ್ಟಿಗೆ ಸುಣ್ಣದ ಗಾರೆಯೇ ಗತಿ. ನಮ್ಮ ತೊಟ್ಟಿ ಒಂದು ಹನಿಯೂ ಸೋರುವುದಿಲ್ಲ.

ನನ್ನ ತಂಗಿ ಹಾಲವ್ವನನ್ನು ದೂರದ ಉಪ್ಪುಹಾಳಕ್ಕೆ ಮದುವೆ ಮಾಡಿ ಕೊಟ್ಟಿದ್ದೆವು. ಅವರಿಗೂ ಅಂಥದೇ ತೊಟ್ಟಿ ಬೇಕಾಯಿತು. ಗಾರೆ ಕೆಲಸದ ನಮ್ಮ ಗೌಂಡಿಗಳು ಬಲೆಗೆ ಹೇಳಿದ್ದು ಇಷ್ಟು: “ಸುಟ್ಟ ಸುಣ್ಣ ನೀರಿನಾಗ ಪೂರಾ ಅರಳಬೇಕ್ರಿ. ಅರಳಿ ತಣ್ಣಗಾದ ಮ್ಯಾಲ ಮರಳು.” ಸುಣ್ಣದ ಕಲ್ಲು ನೀರು ಕುಡಿದು, ಕುದ್ದು, ಉಬ್ಬಿ, ಬೆಣ್ಣೆಯಂತಾಗುವುದಕ್ಕೆ ಅರಳುವುದು ಎನ್ನುತ್ತಾರೆ. ಆದರೆ ನಿಮ್ಮ ಕಾಲದಲ್ಲೇ ಅರಳುವುದನ್ನು ಹೂವಿಗೆ ಮಾತ್ರ ಗಂಟು ಹಾಕಲಾಗಿತ್ತು, ಸುಣ್ಣವನ್ನು ಕಲ್ಲಿಗೆ. ಕಲ್ಲು ಅರಳೀತೆ? ಬಲೆ ಅದನ್ನು ಬರೀ ವರ್ಣನೆಯೆಂದು ಕೈಬಿಟ್ಟು, ಉಳಿದದ್ದನ್ನು ಅಚ್ಚುಕಟ್ಟಾಗಿ ಉಪ್ಪುಹಾಳಕ್ಕೆ ಒಪ್ಪಿಸಿತು. ಅವರು ಸುಟ್ಟ ಸುಣ್ಣವನ್ನು ಕುಟ್ಟಿ, ಮರಳು ಬೆರೆಸಿ, ನೀರು ಚಿಮುಕಿಸಿ, ಹಾಗೇ ಮೆತ್ತಿದರು. ಉಪ್ಪಿನ ಬಂಡಿಯವರ ಬಾಯಲ್ಲಿ ತಂಗಿ ಹೇಳಿ ಕಳಿಸಿದಳು: “ಅಕ್ಕಾ, ನಮ್ಮದೂ ತೊಟ್ಟಿ ಆತು. ಇನ್ನ ಬಂದ್ರ ಚರಿಗಿ ತುಂಬ ನೀರು ಕೊಡ್ತೀನಿ, ಜಿಪುಣಿ ಅನಬ್ಯಾಡ.”

ಆ ವರ್ಷದ ಒಂದೇ ಮಳೆಗೆ ತೊಟ್ಟಿ ತುಂಬಿತು. ಗಾರೆಯೊಳಗೆ ಅರಳದೆ ಉಳಿದಿದ್ದ ಹರಳುಗಳು ನೀರು ಕುಡಿದು ಅಲ್ಲೇ ಅರಳಿದವು. ಗೋಡೆ ಗುಳ್ಳೆ ಗುಳ್ಳೆಯಾಗಿ ಸಿಡಿದು, ನೀರೆಲ್ಲ ನೆಲದ ಪಾಲಾಯಿತು. ಬಂಡಿಯವರು ತಂದ ಎರಡನೆಯ ಮಾತು: “ಅಕ್ಕಾ, ನಮ್ಮ ಗೋಡಿ ಹೂ ಬಿಟ್ಟೈತಿ. ಮುಡಿಯಾಕ ಬಾ.” ಅಳುವ ಹೊತ್ತಿಗೆ ನಗಿಸುವುದು ಅವಳ ಚಿಕ್ಕಂದಿನ ಚಾಳಿ. ಮುಂದಿನ ಸಲ ಬಂಡಿ ಹೋದಾಗ ಉಪ್ಪುಹಾಳದಲ್ಲಿ ಯಾರೂ ಇರಲಿಲ್ಲ.

ಬಲೆ ಕಟ್ಟಬೇಡಿ ಎನ್ನಲಾರೆ. ಅದಿಲ್ಲದಿದ್ದರೆ ನಾವೂ ಇರುತ್ತಿರಲಿಲ್ಲ. ನೀವಿನ್ನೂ ಗಂಟು ಹಾಕುವ ಕಾಲದಲ್ಲಿದ್ದೀರಿ. ಗೌಂಡಿಯ ಮನೆಗೂ ಒಮ್ಮೆ ಹೋಗಿ, ನಿಮ್ಮಲ್ಲಿ ಏನೇನು ಅರಳುತ್ತದೆ ಎಂದು ಕೇಳಿ. ತಿಳಿಯದ ಮಾತನ್ನು ಬಿಸಾಡದೆ, ತಿಳಿಯಲಿಲ್ಲ ಎಂದು ಹೇಳುವುದನ್ನು ಬಲೆಗೆ ಕಲಿಸಿ.

ತಂಗಿ ಯಾವ ದಿಕ್ಕಿಗೆ ಹೋದಳೋ ಗೊತ್ತಿಲ್ಲ. ಬಂದರೆ ಇರಲೆಂದು ನನ್ನ ಪಾಲಿನ ನೀರಲ್ಲಿ ಒಂದು ಚರಿಗೆ ಮುಚ್ಚಿಡುತ್ತೇನೆ. ಸಂಜೆಗೆ ಅದನ್ನು ನಾನೇ ಕುಡಿಯುತ್ತೇನೆ.