ಹೆಸರಿನ ಮುಂದಿನ ‘ಎ’

ಕ್ಫಾರ್ ಕಾಮಾ
೫ ನವೆಂಬರ್ ೨೦೧೮, ಸೋಮವಾರ

ಪ್ರೀತಿಯ ಮಗಳು ಜಾನೆತ್‌ಗೆ,

ನಿನ್ನೆ ಮಾತು ನಿಂತಲ್ಲಿಂದಲೇ ಶುರುಮಾಡುತ್ತೇನೆ. ಅಮ್ಮನ ಚಿತ್ರದ ಕೆಳಗೆ ಏನು ಬರೆದಿದ್ದಾರೆ ಎಂದು ನೀನು ಕೇಳಿದೆ, ಅಷ್ಟರಲ್ಲಿ ಲೈನ್ ಹೋಯಿತು ಎಂದುಕೊಂಡಿರಬೇಕು. ಲೈನ್ ಹೋಗಲಿಲ್ಲ, ನಾನೇ ಫೋನ್ ಇಟ್ಟೆ. ಅದಿರಲಿ, ಮೊದಲು ನಿನ್ನ ಆರೋಗ್ಯ ಹೇಗಿದೆ? ಮೈಕೋಪಿನಲ್ಲಿ ಆಗಲೇ ಹಿಮ ಬೀಳುವ ಹಾಗಿದೆ ಅಂದೆಯಲ್ಲ, ಅಮ್ಮ ಹೆಣೆದ ಉಣ್ಣೆಯ ಕಾಲುಚೀಲ ಹಾಕಿಕೋ, ಚೆಂದ ಕಾಣಲಿಲ್ಲವೆಂದು ಪೆಟ್ಟಿಗೆಯಲ್ಲಿ ಇಡಬೇಡ. ನನ್ನ ಮಂಡಿ ಹಾಗೇ ಇದೆ. ಸಕ್ಕರೆ ಸ್ವಲ್ಪ ಇಳಿದಿದೆ. ಹೈರಿಯಾ ಚಿಕ್ಕಮ್ಮ ದಿನವೂ ಏನಾದರೂ ಬೇಯಿಸಿ ತರುತ್ತಾಳೆ, ಹೊಗೆ ಹಾಕಿದ ಗಿಣ್ಣನ್ನು ಮಾತ್ರ ನಿನ್ನ ಅಮ್ಮನಷ್ಟು ಹದವಾಗಿ ಮಾಡಲು ಅವಳಿಗೆ ಬರುವುದಿಲ್ಲ. ಇದನ್ನು ಅವಳಿಗೆ ಬರೆದು ತಿಳಿಸಬೇಡ. ಅವಳ ತಮ್ಮ ನಾಳೆ ನಿನ್ನೂರಿಗೆ ವಿಮಾನ ಹತ್ತುತ್ತಾನೆ, ಈ ಕಾಗದ ಅವನ ಕೈಯಲ್ಲೇ ಬರುತ್ತದೆ.

ಚಿತ್ರದ ವಿಷಯ. ಕೆಳಗಿನ ಪೇಟೆಯ ಸಭಾಂಗಣದಲ್ಲಿ ‘ಗಲಿಲಾಯದ ಹೆಂಗಸರು’ ಅಂತ ಒಂದು ಪ್ರದರ್ಶನ ಇಟ್ಟಿದ್ದಾರೆ. ಒಂದೊಂದು ಜನಾಂಗದಿಂದ ಒಬ್ಬೊಬ್ಬಳು. ಮೊರಾಕ್ಕೋದಿಂದ ಬಂದ ಯಹೂದಿ ಮುದುಕಿ, ಇಥಿಯೋಪಿಯಾದವಳು, ರಷ್ಯಾದವಳು, ಬೆಟ್ಟದ ಮೇಲಿನ ದ್ರೂಸ್ ಹೆಂಗಸು, ನಜರೇತಿನ ಕ್ರೈಸ್ತ ಅರಬ್ ಶಿಕ್ಷಕಿ, ಬೆದುವಿನ್ ಬುಡಕಟ್ಟಿನ ಒಬ್ಬ ತಾಯಿ. ಹಿಂದೆ ಮೈಕೋಪಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಚರ್ಕೇಸಿಯರಲ್ಲೂ ಒಬ್ಬರು ಬೇಕಾಗಿತ್ತು. ಈ ದೇಶದ ಲೆಕ್ಕದಲ್ಲಿ ನಾವು ಕೊನೆಗೆ ನೆನಪಾಗುವವರು, ಆದರೂ ನೆನಪಾದೆವಲ್ಲ ಎಂದು ನನಗೆ ಸಂತೋಷವೇ ಆಯಿತು. ನಮ್ಮ ನೃತ್ಯ ತಂಡದವರು ಚಿತ್ರ ಕೊಟ್ಟರು. ನಿನ್ನ ಮದುವೆಯ ದಿನ ಅವಳಿಗೆ ತಂಡದ ಪೆಟ್ಟಿಗೆಯಿಂದ ಉದ್ದನೆಯ ಉಡುಪು ತೆಗೆದು ತೊಡಿಸಿ, ಬೆಳ್ಳಿಯ ಸೊಂಟಪಟ್ಟಿ ಬಿಗಿದು ನಿಲ್ಲಿಸಿದ್ದರಲ್ಲ, ಅದು. ಪಟ್ಟಿ ಒಂದು ತೂತು ಬಿಗಿಯಾಗಿತ್ತು. ‘ಬೇಗ ಫೋಟೋ ತೆಗೀರಪ್ಪ, ಉಸಿರು ಹೋಗ್ತಿದೆ’ ಅಂತ ಗೊಣಗುತ್ತಲೇ ನಿಂತಿದ್ದಳು. ಪ್ರದರ್ಶನಕ್ಕೆ ಬಂದವರು ಅದನ್ನು ನೋಡಿ ಎಂಥ ಗಾಂಭೀರ್ಯ ಅನ್ನುತ್ತಾರೆ. ಅವಳು ಕ್ಲಿನಿಕ್ಕಿನ ನೀಲಿ ಅಂಗಿಯಲ್ಲಿ ಸೂಜಿ ಹಿಡಿದು ಇಡೀ ಊರಿನ ಮಕ್ಕಳನ್ನು ಅಳಿಸಿದವಳು ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ.

ಆ ಸಭಾಂಗಣದಲ್ಲಿ ಟಿಗಿಸ್ಟ್ ಅಂತ ಒಬ್ಬಳು ಹುಡುಗಿ ಕೆಲಸ ಮಾಡುತ್ತಾಳೆ, ಇಥಿಯೋಪಿಯಾದಿಂದ ಬಂದ ಯಹೂದಿಗಳ ಕಡೆಯವಳು, ಒಳ್ಳೆಯವಳು. ಫೋನ್ ಮಾಡಿ, ‘ತಾತ, ಅಜ್ಜಿ ಹೆಸರೇನು?’ ಅಂದಳು. ‘ನಮ್ಮ ಮನೆಯವಳು’ ಅಂದೆ. ‘ಅದು ಸರಿ ತಾತ, ಹೆಸರು?’ ‘ಹೇಳಿದೆನಲ್ಲಮ್ಮ.’ ಅವಳು ನಕ್ಕಳು, ನಾನೂ ನಕ್ಕೆ, ಏನು ಮಾಡಲಿ? ನಿನ್ನ ಅಜ್ಜ ನನ್ನ ಎದುರಿಗೆ ಒಮ್ಮೆಯೂ ನನ್ನ ಅಮ್ಮನ ಹೆಸರು ಎತ್ತಿದವನಲ್ಲ. ಹೆಂಡತಿಯ ಹೆಸರು ಪರರ ಕಿವಿಗೆ ಬೀಳಬಾರದು ಎಂದು ನಾವು ಬೆಳೆದವರು. ಹೊರಗಿನವರ ಎದುರು ಇಲ್ಲ ಎಂದು ಶುರುವಾಗಿದ್ದು ಮನೆಯೊಳಗೂ ಅದೇ ರೂಢಿಯಾಯಿತು. ನಾನು ‘ಕೇಳಿಸ್ತಾ?’ ಅಂದರೆ ಅವಳು ‘ಇವರೊಬ್ರು’ ಅನ್ನುತ್ತಾ ಬರುತ್ತಿದ್ದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಒಮ್ಮೆ ನರ್ಸ್ ಅವಳ ಹೆಸರನ್ನು ಗಟ್ಟಿಯಾಗಿ ಕೂಗಿದಾಗ ನಾವಿಬ್ಬರೂ ಯಾರಪ್ಪ ಅದು ಎಂದು ಹಿಂದೆ ತಿರುಗಿ ನೋಡಿದೆವು. ಆಮೇಲೆ ಅವಳು ನಕ್ಕಿದ್ದು ನೋಡಬೇಕಿತ್ತು. ಆ ಕಾಯಿಲೆಯಲ್ಲಿ ಅವಳು ನಕ್ಕಿದ್ದು ಅದೇ ಕೊನೆ.

ಟಿಗಿಸ್ಟ್ ಹೈರಿಯಾಗೂ ಫೋನ್ ಮಾಡಿದಳಂತೆ. ಅವಳು ಈ ಮನೆಗೆ ಸೊಸೆಯಾಗಿ ಬಂದವಳು, ಗಂಡನ ಮನೆಯ ಹಿರಿಯರ ಹೆಸರು ಹೇಳುವಂತಿಲ್ಲ, ಬಂದ ಹೊಸದರಲ್ಲಿ ಎಲ್ಲರಿಗೂ ತಾನೇ ಒಂದೊಂದು ಹೆಸರಿಟ್ಟುಕೊಂಡಿದ್ದಳು. ‘ಬೆಳ್ಳಿ ಅಕ್ಕ’ ಅಂದಳಂತೆ. ಕ್ಲಿನಿಕ್ಕಿನಲ್ಲಿ ಕೇಳಿದರೆ ‘ಸಿಸ್ಟರ್’ ಅಂದರು. ಪಾಪ, ಆ ಹುಡುಗಿ ಏನು ಮಾಡಿಯಾಳು? ಗುರುತಿನ ಚೀಟಿ ತೋರಿಸಬಹುದಿತ್ತು ಅನ್ನುತ್ತೀ. ಅದರಲ್ಲಿ ಯಾವ ಕಾಲದಲ್ಲೋ ಯಾವನೋ ಗುಮಾಸ್ತ ಅವಳ ಹೆಸರನ್ನು ಅರಬ್ಬಿ ಹೆಸರೆಂದು ತಿಳಿದು ಬಾಲ ಕತ್ತರಿಸಿ ಬರೆದಿದ್ದ. ಅದನ್ನು ಕೊಟ್ಟು ಅವಳಲ್ಲದ ಇನ್ಯಾರನ್ನೋ ಗೋಡೆಗೆ ತೂಗುಹಾಕಿಸಲು ನನಗೆ ಮನಸ್ಸಾಗಲಿಲ್ಲ.

ಮೊನ್ನೆ ಉದ್ಘಾಟನೆಗೆ ಹೋಗಿದ್ದೆ. ಎಲ್ಲರ ಚಿತ್ರದ ಕೆಳಗೂ ಹೆಸರಿದೆ, ಊರಿದೆ. ನಿನ್ನ ಅಮ್ಮನ ಕೆಳಗೆ ಹೀಬ್ರೂವಿನಲ್ಲಿ, ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ ಒಂದೊಂದು ಸಾಲು. ನಮ್ಮ ಅಕ್ಷರದಲ್ಲಿ ಇಲ್ಲ, ಅದು ಬಿಡು. ಇಂಗ್ಲಿಷಿನ ಸಾಲು: ‘ಎ ಸರ್ಕೇಷಿಯನ್ ವುಮನ್.’ ಒಬ್ಬ ಚರ್ಕೇಸಿ ಹೆಂಗಸು, ಅಷ್ಟೇ. ಹೈಫಾದ ಕಾಲೇಜಿನಲ್ಲಿ ಕಲಿತ ಇಂಗ್ಲಿಷೆಲ್ಲ ನನಗೆ ಸೋರಿಹೋಗಿದೆ, ‘ದಿ ರೈನ್ ಈಸ್ ಕಮಿಂಗ್, ಸರ್’ ಅನ್ನುವುದೊಂದು ಇದೆ, ಯಾಕೆ ಕಲಿತೆನೋ ಗೊತ್ತಿಲ್ಲ. ಆದರೆ ವ್ಯಾಕರಣದ ಮೇಷ್ಟ್ರು ಮೇಜು ಕುಟ್ಟಿ ಹೇಳಿದ ಒಂದು ಮಾತು ಆ ಗೋಡೆಯ ಮುಂದೆ ನೆನಪಾಯಿತು. ‘ದಿ’ ಅಂದರೆ ನಮಗೆ ಗೊತ್ತಿರುವವರು, ‘ಎ’ ಅಂದರೆ ಯಾರೋ ಒಬ್ಬರು. ಹೀಬ್ರೂವಿನಲ್ಲಿ ಆ ‘ಎ’ ಇಲ್ಲ, ಹಾಗಾಗಿ ಆ ಸಾಲನ್ನು ಓದಿ ಮುಂದಿನದಕ್ಕೆ ಹೋದೆ. ಇಂಗ್ಲಿಷಿನ ಸಾಲಿನಲ್ಲಿ ಆ ಒಂದು ಅಕ್ಷರ ಅಷ್ಟು ದೊಡ್ಡದಾಗಿ ನಿಂತಿತ್ತು. ಯಾರೋ ಒಬ್ಬಳು. ನನ್ನ ಪಕ್ಕದಲ್ಲಿದ್ದ ಒಬ್ಬ ಹೆಂಗಸು ಗಂಡನಿಗೆ, ‘ಇವರು ಅರಬ್ಬರಾ, ರಷ್ಯನ್ನರಾ?’ ಅಂದಳು. ಅವನು ‘ಎರಡರ ಮಧ್ಯೆ ಏನೋ’ ಅಂದ. ಒಂದು ಹೆಸರಿದ್ದಿದ್ದರೆ ಅವರು ಹಾಗೆ ಅನ್ನುತ್ತಿರಲಿಲ್ಲವೇನೋ. ಹೆಸರಿಲ್ಲದವಳನ್ನು ಏನು ಬೇಕಾದರೂ ಅನ್ನಬಹುದು.

ಟಿಗಿಸ್ಟ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಚಹಾ ಕೊಟ್ಟಳು. ಅವಳ ಅಜ್ಜಿ ಈ ದೇಶಕ್ಕೆ ಬಂದು ವಿಮಾನದಿಂದ ಇಳಿದ ದಿನವೇ ಯಾರೋ ಅಧಿಕಾರಿ ಹಳೆಯ ಹೆಸರು ತೆಗೆದು ರಾಹೇಲ್ ಎಂದು ಇಟ್ಟನಂತೆ. ‘ಸಾಯೋ ತನಕ ರಾಹೇಲ್ ಅಂತ ಕರೆದ್ರೆ ಅಜ್ಜಿ ತಿರುಗಿ ನೋಡ್ಲಿಲ್ಲ, ತಾತ. ನಮ್ಮವರೇ ನಮಗೆ ಹೀಗೆ ಮಾಡಿದ್ರು. ಈ ಚಿತ್ರದ ಅಜ್ಜಿ ಹಾಗೆ ಹೋಗೋದು ಬೇಡ, ನನಗೊಬ್ಬಳಿಗೇ ಹೇಳಿ, ಕಿವೀಲಿ ಹೇಳಿ’ ಅಂದಳು. ನಾನು ಬಾಯಿ ತೆರೆದೆ. ಚಹಾ ಕುಡಿದೆ. ಪ್ರದರ್ಶನ ಮುಂದಿನ ವಾರ ಜೆರುಸಲೇಮಿಗೆ ಹೋಗುತ್ತದೆ, ಆಮೇಲೆ ಊರೂರು ಸುತ್ತುತ್ತದೆ. ಈ ಗುರುವಾರದ ಒಳಗೆ ಹೆಸರು ಕೊಟ್ಟರೆ ಹಲಗೆ ಬದಲಿಸುತ್ತಾಳಂತೆ, ಇಲ್ಲವಾದರೆ ನಿನ್ನ ಅಮ್ಮ ಹಾಗೆಯೇ ಹೋಗುತ್ತಾಳೆ. ‘ಹೇಳಿಬಿಡಿ ಭಾವ, ಗೊತ್ತಿಲ್ಲದ ಊರಲ್ಲಿ ಅಕ್ಕ ದಿಕ್ಕಿಲ್ಲದೋರ ಥರ ನಿಂತಿರ್ತಾರೆ’ ಅಂದಳು ಹೈರಿಯಾ. ಹಾಗಾದರೆ ನೀನೇ ಹೇಳು ಅಂದೆ. ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ನಿನ್ನೆಯಿಂದ ಫೋನ್ ಎತ್ತುತ್ತೇನೆ, ಇಡುತ್ತೇನೆ. ಅವಳು ಬದುಕಿದ್ದಾಗ ಹೇಳದಿದ್ದದ್ದು ಮರ್ಯಾದೆ. ಈಗ ಹೇಳದಿದ್ದರೆ ಅದು ಏನು? ನನಗೆ ತಿಳಿಯುತ್ತಿಲ್ಲ, ಮಗಳೇ. ಒಮ್ಮೊಮ್ಮೆ ಅನ್ನಿಸುತ್ತದೆ, ಅವಳದು ಎಂದು ನನ್ನೊಬ್ಬನ ಬಳಿ ಉಳಿದಿರುವುದು ಅದೊಂದೇ, ಅದನ್ನೂ ಕೊಟ್ಟುಬಿಟ್ಟರೆ ಈ ಮನೆಯಲ್ಲಿ ನನ್ನ ಜೊತೆ ಏನಿರುತ್ತದೆ ಎಂದು.

ತಾವೋರ್ ಬೆಟ್ಟದ ಹಿಂದೆ ಬೆಳಕು ಇಳಿಯುತ್ತಿದೆ, ಸಾಲುಗಳು ಒಂದರ ಮೇಲೊಂದು ಬೀಳುತ್ತಿವೆ. ದೀಪ ಹಾಕಬಹುದು, ಹಾಕಿದರೆ ಕಿಟಕಿಯಲ್ಲಿ ಕಂಡು ಹೈರಿಯಾ ಊಟ ಹಿಡಿದು ಬರುತ್ತಾಳೆ, ನನ್ನ ಮುಖ ನೋಡುತ್ತಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ. ಅಳಿಯನಿಗೆ ನನ್ನ ಸಲಾಮು. ದೇವರು ನಿನ್ನ ಮನೆಯನ್ನು ಬೆಚ್ಚಗಿಡಲಿ, ನಿನ್ನನ್ನು ಹೆಸರು ಹಿಡಿದು ಕರೆಯುವವರು ಯಾವಾಗಲೂ ಇರಲಿ.

ನಿನ್ನ ಅಪ್ಪ,
ಜವ್ದತ್

ಮರೆತ ಮಾತು: ಕಾಗದ ಕೈಗೆ ಬಂದ ಕೂಡಲೇ ಟಿಗಿಸ್ಟ್‌ಗೆ ಫೋನ್ ಮಾಡು, ನಂಬರು ಹಿಂದೆ ಬರೆದಿದ್ದೇನೆ. ಮಕ್ಕಳು ಹೇಳಬಹುದು, ಅದಕ್ಕೆ ಅಡ್ಡಿಯಿಲ್ಲ. ನಫಿಸೆತ್. ಕೊನೆಯ ‘ತ್’ ಬಿಡಬಾರದು ಎಂದು ಒತ್ತಿ ಹೇಳು. ಬರೆದದ್ದು ನನ್ನ ಕೈ, ಬಾಯಿಗೆ ಇನ್ನೂ ಬಂದಿಲ್ಲ. ಇಂಗ್ಲಿಷಿನ ಹೊಸ ಸಾಲನ್ನು ನಿನಗೆ ಓದಿ ಹೇಳಲು ಅವಳಿಗೆ ಹೇಳು. ಹೆಸರಿನ ಮುಂದೆ ‘ಎ’ನೂ ಬರುವುದಿಲ್ಲ, ‘ದಿ’ಯೂ ಬರುವುದಿಲ್ಲ. ಮೇಷ್ಟ್ರು ಅದನ್ನೂ ಹೇಳಿದ್ದರು, ಈಗ ನೆನಪಾಯಿತು.